ಎಡಗೈ ಕಟ್ಟಿಕೊಂಡವನು

ಭುಜದಿಂದ ಬಾಗಿಲು ತಳ್ಳಿ ಒಳಗೆ ಕಾಲಿಟ್ಟವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಅವಳ ಕುರ್ಚಿಯಲ್ಲಿ ಅವನು ಕೂತಿದ್ದ. ಅವಳದೇ ಕಂಪ್ಯೂಟರಿನ ಮುಂದೆ. ಎಡಗೈಯನ್ನು ಬೆನ್ನಿಗೆ ಮಡಚಿ, ಪುಟಗಳ ಕಟ್ಟಿಗೆ ಸುತ್ತುವ ಬಟ್ಟೆಪಟ್ಟಿಯಿಂದ ಸೊಂಟಕ್ಕೆ ಕಟ್ಟಿಕೊಂಡಿದ್ದ. ಬಲಗೈಯೊಂದೇ ಕೀಬೋರ್ಡಿನ ಮೇಲೆ ತಡಕಾಡುತ್ತಿತ್ತು.

ಅವಳ ಎಡಗೈ ಶಾಲಿನ ಕೆಳಗೆ ತಣ್ಣಗೆ ತೂಗುತ್ತಿತ್ತು. ಅದನ್ನು ಯಾರೂ ನೋಡದಿರಲಿ ಎಂದು ಅಮ್ಮನ ಕೈಲಿ ಶಾಲು ಹೊದಿಸಿಕೊಂಡು, ದಾರಿಯುದ್ದಕ್ಕೂ ಧೈರ್ಯ ತಂದುಕೊಂಡು ಬಂದಿದ್ದಳು. ಇಲ್ಲಿ ನೋಡಿದರೆ...

'ನನ್ನನ್ನೇ ಅಣಕಿಸಿ ತೋರಿಸ್ತಿದ್ದಾನೆ.'

ಅವನು ತಿರುಗಿ ನೋಡಿದ. ಗಡಿಬಿಡಿಯಲ್ಲಿ ಎದ್ದ. ಕುರ್ಚಿ ಹಿಂದಕ್ಕೆ ಉರುಳಿತು.

"ಬಂದ್ಯಾ?"

"ಚೆನ್ನಾಗಿದೆಯಾ ನನ್ನ ಹಾಗೆ ಕೂತ್ರೆ? ಎಲ್ಲರೂ ನಕ್ಕರಾ?"

"ಹಾಗಲ್ಲ... ನಾನು..."

ಅಷ್ಟೇ. ಮಾತು ಬೇಕಾದಾಗಲೆಲ್ಲ ಅವನ ನಾಲಿಗೆ ಕೈಕೊಡುತ್ತಿತ್ತು. ಬಿದ್ದ ಕುರ್ಚಿಯನ್ನು ಒಂದೇ ಕೈಯಲ್ಲಿ ಎತ್ತಿ ನಿಲ್ಲಿಸಿ, ತಲೆ ತಗ್ಗಿಸಿ ಮೂಲೆಯ ಮೇಜಿಗೆ ಹೋದ.

ಪುಸ್ತಕಗಳ ಪುಟ ಜೋಡಿಸುವ ಆ ಪುಟ್ಟ ಆಫೀಸಿನಲ್ಲಿ ಅವಳನ್ನು ಎಲ್ಲರೂ ಮಿಂಚು ಎಂದೇ ಕರೆಯುತ್ತಿದ್ದರು. ಅವಳು ಮೌಸ್ ಮುಟ್ಟುತ್ತಿರಲಿಲ್ಲ. ಎಡಗೈ ಕಂಟ್ರೋಲ್ ಒತ್ತಿ ಹಿಡಿದರೆ ಬಲಗೈ ಉಳಿದದ್ದನ್ನು ನೋಡಿಕೊಳ್ಳುತ್ತಿತ್ತು. ಕಾಪಿ, ಪೇಸ್ಟ್, ಹುಡುಕು, ಬದಲಿಸು... ಕಣ್ಣು ಮಿಟುಕಿಸುವಷ್ಟರಲ್ಲಿ ಪುಟ ಸಿದ್ಧ. ಅವನು ಹೊಸದಾಗಿ ಸೇರಿದ್ದಾಗ ಮೌಸ್ ಹಿಡಿದು ಮೆನುವಿನಿಂದ ಮೆನುವಿಗೆ ಅಲೆಯುತ್ತಿದ್ದ. ನೋಡಿ ನೋಡಿ ಸಾಕಾಗಿ ಅವಳು ಎದ್ದು ಹೋಗಿ ಅದರ ವೈರನ್ನೇ ಕಿತ್ತುಹಾಕಿದ್ದಳು.

"ಎಷ್ಟು ಹೊತ್ತು ಈ ಇಲಿ ಹಿಂದೆ ಓಡ್ತೀಯೋ, ಆಮೆ? ಕೀಬೋರ್ಡಲ್ಲೇ ಎಲ್ಲ ಇದೆ, ಕಲ್ತುಕೋ."

ಅವನು ನಿಧಾನವಾಗಿ ಕಲಿತ. ನಿಧಾನವಾಗಿಯೇ ಅವಳ ಮನಸ್ಸಿನೊಳಗೂ ಬಂದು ಕೂತ. ಸಂಜೆ ಅವನ ಗಾಡಿಯಲ್ಲಿ ಮನೆಗೆ ಹೋಗುವುದು ರೂಢಿಯಾಯಿತು.

ಒಂದು ಸಂಜೆ ತಿರುವಿನಲ್ಲಿ ಅವನು ಹಿಂದಕ್ಕೆ ತಿರುಗಿ ಅವಳ ಮುಖ ನೋಡಿದ. ರಸ್ತೆಯ ಮೇಲೆ ಮರಳಿತ್ತು. ಗಾಡಿ ಜಾರಿತು.

ಅವನಿಗೆ ತರಚಿದ ಗಾಯ. ಅವಳ ಭುಜದ ನರಗಳು ಹರಿದಿದ್ದವು. ಕೈಗೆ ಇನ್ನು ಜೀವ ಬರುವುದಿಲ್ಲ ಎಂದು ಡಾಕ್ಟರು ಹೇಳಿದ ದಿನವೇ ಅವನು ಮಂಚದ ಪಕ್ಕ ನಿಂತು, "ಮದುವೆ ಆಗೋಣ" ಅಂದಿದ್ದ.

ಅವಳಿಗೆ ಕೇಳಿಸಿದ್ದು ಅವನ ತಪ್ಪಿನ ಭಾರ ಮಾತ್ರ.

"ಪಾಪ ಅಂತ ಯಾರೂ ನನ್ನನ್ನ ಮದುವೆ ಆಗೋದು ಬೇಡ. ಇನ್ನು ಬರಬೇಡ."

ಅವನು ಮತ್ತೆ ಬರಲಿಲ್ಲ. ಬರಬೇಡ ಎಂದವಳೇ ಪ್ರತಿ ಸಂಜೆ ಬಾಗಿಲ ಸದ್ದಿಗೆ ಕಿವಿಗೊಟ್ಟು ಮಲಗಿದ್ದಳು.

"ಕೂತ್ಕೋ ಬಾ," ಎಂದು ಅಕ್ಕ ಈಗ ಹೊಸ್ತಿಲಲ್ಲೇ ನಿಂತಿದ್ದ ಅವಳ ಬೆನ್ನು ಸವರಿದಳು. ಪ್ರೂಫ್ ತಿದ್ದುವ ಅಕ್ಕ. ಎಲ್ಲರಿಗೂ ಅಕ್ಕನೇ. "ಸಂಜೆಯೊಳಗೆ ಈ ಅಧ್ಯಾಯ ಮುಗಿಸಿಕೊಟ್ರೆ ಕೆಲಸ ನಿನ್ನದೇ ಅಂತ ಯಜಮಾನರು ಹೇಳಿದ್ದಾರೆ. ಇಲ್ಲಾಂದ್ರೆ ಬೇರೆಯವರನ್ನ ತಗೋತಾರಂತೆ."

ಅವಳು ಕೂತಳು. ಮೊದಲ ಸಾಲನ್ನು ಆರಿಸಿದಳು. ಕಾಪಿ ಮಾಡಬೇಕು. ಬಲಗೈಯ ಬೆರಳುಗಳನ್ನು ಚಾಚಿದಳು. ಬಲಗಡೆಯ ಕಂಟ್ರೋಲ್ ಒಂದು ತುದಿ, ಸಿ ಇನ್ನೊಂದು ಕಡೆ. ಕಿರುಬೆರಳು ಜಾರಿತು. ಸಾಲಿದ್ದ ಜಾಗದಲ್ಲಿ ಒಂದೇ ಒಂದು ಅಕ್ಷರ ಉಳಿಯಿತು.

ಮತ್ತೆ. ಮತ್ತೆ ಹಾಗೇ.

ಕೊನೆಗೆ ಶಾಲು ಸರಿಸಿ, ನಿದ್ದೆ ಹೋದ ಮಗುವನ್ನು ಎತ್ತುವ ಹಾಗೆ ಬಲಗೈಯಿಂದ ಎಡಗೈಯನ್ನೆತ್ತಿ ಕೀಬೋರ್ಡಿನ ಮೇಲೆ ಮಲಗಿಸಿದಳು. 'ಒಂದೇ ಒಂದು ಕೀ. ಅಷ್ಟು ಒತ್ತಿ ಹಿಡಿ, ಸಾಕು.' ಅದು ಒತ್ತಲಿಲ್ಲ. ಅಡ್ಡಾದಿಡ್ಡಿ ಕೀಗಳ ಮೇಲೆ ಒರಗಿತು. ಪರದೆಯ ತುಂಬ ಒಂದೇ ಅಕ್ಷರ ಹರಿಯುತ್ತ ಹೋಯಿತು.

ಅವಳು ಸದ್ದಿಲ್ಲದೆ ಅತ್ತಳು.

ಅಕ್ಕ ಪಕ್ಕಕ್ಕೆ ಬಂದು ಆ ಕೈಯನ್ನು ಮೆಲ್ಲಗೆ ಅವಳ ಮಡಿಲಿಗಿಟ್ಟಳು. "ಶಿಫ್ಟ್ ಕೀ ಇದೆಯಲ್ಲ, ಅದನ್ನ ಐದು ಸಲ ಒತ್ತು."

"ಯಾಕೆ?"

"ಒತ್ತು ಅಂದ್ರೆ ಒತ್ತೇ."

ಒತ್ತಿದಳು. ಕಂಪ್ಯೂಟರ್ ಸಣ್ಣಗೆ ಸದ್ದು ಮಾಡಿ ಏನೋ ಕೇಳಿತು. ಅಕ್ಕ ಹೌದು ಎಂದು ಒಪ್ಪಿಗೆ ಕೊಟ್ಟಳು.

"ಈಗ ಕಂಟ್ರೋಲ್ ಒತ್ತಿ ಬಿಟ್ಟುಬಿಡು. ಹಿಡ್ಕೋಬೇಡ, ಅದೇ ಹಿಡ್ಕೊಂಡಿರುತ್ತೆ. ಆಮೇಲೆ ಆರಾಮಾಗಿ ಸಿ ಒತ್ತು."

ಕಂಟ್ರೋಲ್ ಒತ್ತಿದಳು, ಬಿಟ್ಟಳು. ಕೈ ಸರಿಸಿ ಸಿ ಒತ್ತಿದಳು. ಅದೇ ರೀತಿ ವಿ. ಸಾಲು ಬಂದು ತನ್ನ ಜಾಗದಲ್ಲಿ ಕೂತಿತು.

"ಅಕ್ಕಾ... ನಿಮಗೆ ಫೈಲ್ ತೆಗೆಯೋಕೂ ನಾನೇ ಬೇಕಿತ್ತು. ಇದನ್ನ ಯಾರು ಹೇಳಿಕೊಟ್ಟಿದ್ದು?"

ಅಕ್ಕ ಮೂಲೆಯ ಕಡೆ ಕಣ್ಣು ಹಾಯಿಸಿದಳು.

"ನೀನು ಮಲಗಿದಾಗಿನಿಂದ ದಿನಾ ಬೆಳಗ್ಗೆ ನನ್ನ ಕೈಲೇ ಆ ಕೈ ಕಟ್ಟಿಸಿಕೊಳ್ತಾನೆ. ಪುಟ ತಡ ಆಯ್ತು ಅಂತ ಯಜಮಾನರ ಹತ್ರ ಬೈಸಿಕೊಂಡಿದ್ದಾನೆ. ಬಾಟಲಿ ಮುಚ್ಚಳಾನೂ ಹಲ್ಲಲ್ಲೇ ತೆಗೀತಾನೆ. ಹುಚ್ಚೇನೋ ನಿನಗೆ ಅಂತ ಕೇಳಿದ್ದಕ್ಕೆ, 'ಯಾವುದು ಆಗಲ್ಲ ಅಂತ ಅವಳು ಬಂದು ಹುಡುಕೋದು ಬೇಡ ಅಕ್ಕ. ಅದನ್ನ ನಾನು ಹುಡುಕ್ತೀನಿ. ಅವಳು ಬಂದಾಗ ಆಗೋದು ಮಾತ್ರ ಇರ್ಲಿ' ಅಂದ."

ಅವಳು ಮೂಲೆಯ ಕಡೆ ತಿರುಗಿದಳು.

"ಇನ್ನೊಂದು ಮಾತು," ಅಕ್ಕ ದನಿ ತಗ್ಗಿಸಿದಳು. "ಅವತ್ತು ನೀವು ಬಿದ್ರಲ್ಲ, ಆ ಬೆಳಗ್ಗೆ ನನ್ನನ್ನ ಎದುರಿಗೆ ಕೂರಿಸಿಕೊಂಡು ಮದುವೆ ಮಾತು ಹೇಗೆ ಎತ್ತೋದು ಅಂತ ಅಭ್ಯಾಸ ಮಾಡಿದ್ದ. ಮೂತಿ ನೋಡ್ಬೇಕಿತ್ತು, ಪರೀಕ್ಷೆಗೆ ಹೊರಟ ಹಾಗಿತ್ತು. ನಾನೇ ಹೇಳ್ಬೇಕಿತ್ತು ನಿನಗೆ. ಅವನೇ ಹೇಳ್ಲಿ ಅಂತ ಸುಮ್ಮನಾದೆ."

ಅಪಘಾತಕ್ಕೆ ಮುಂಚೆ... ಅವಳ ಎರಡೂ ಕೈ ಗಟ್ಟಿಯಾಗಿದ್ದಾಗಲೇ...

ಆ ತಿರುವು ಅವಳ ಕಣ್ಣ ಮುಂದೆ ಬಂತು. ತಿರುಗಿ ನೋಡಿದ ಆ ಮುಖ.

ಅವಳು ಕಣ್ಣೊರೆಸಿಕೊಂಡು ಕೆಲಸಕ್ಕೆ ಕೂತಳು. ಒಂದು ಒತ್ತು, ಬಿಡು, ಇನ್ನೊಂದು ಒತ್ತು. ಮಿಂಚಿನ ವೇಗ ಇನ್ನು ಬರುವುದಿಲ್ಲ. ಅದು ಅವಳಿಗೆ ಅರ್ಥವಾಗಿತ್ತು. ಅರ್ಥವಾದ ಮೇಲೂ ನೋಯುತ್ತಿತ್ತು. ಆದರೂ ಪುಟದ ಹಿಂದೆ ಪುಟ ಸರಿಯುತ್ತ ಹೋಯಿತು.

ಕಿಟಕಿಯ ಬೆಳಕು ಮಾಸುವ ಹೊತ್ತಿಗೆ ಯಜಮಾನರು ಬಂದು ಪುಟಗಳನ್ನು ತಿರುವಿ ನೋಡಿದರು.

"ಮೊದಲಿನ ಸ್ಪೀಡ್ ಇಲ್ಲ..." ಎಂದು ಕನ್ನಡಕ ತೆಗೆದರು. "ತಪ್ಪೂ ಇಲ್ಲ. ನಾಳೆ ಬಂದ್ಬಿಡಮ್ಮ."

ಅಕ್ಕ ಬೇಕೆಂದೇ ಬೇಗ ಚೀಲ ಎತ್ತಿಕೊಂಡು ಹೊರಟಳು. "ಅಯ್ಯೋ, ಇವನ ಗಂಟು ಬಿಚ್ಚೋದೇ ಮರೆತೆ. ನೀನೇ ನೋಡ್ಕೋ."

ಕೋಣೆಯಲ್ಲಿ ಇಬ್ಬರೇ ಉಳಿದರು.

"ಬಾ ಇಲ್ಲಿ, ಆಮೆ."

ಅವನು ಬಂದ. ಬಂದವನು ಕೀಬೋರ್ಡಿನ ಬಲತುದಿ ತೋರಿಸಿದ, ಕಣ್ಣೆತ್ತದೆ. "ಕಾಪಿಗೆ ಇನ್ನೂ ಸುಲಭ ಇದೆ. ಬಲಗಡೆ ಕಂಟ್ರೋಲ್, ಹತ್ರದಲ್ಲೇ ಇನ್ಸರ್ಟ್. ಪೇಸ್ಟಿಗೆ ಶಿಫ್ಟ್, ಇನ್ಸರ್ಟ್. ಒಂದೇ ಕೈ ಸಾಕು. ನಮ್ಮಿಬ್ಬರಿಗೂ ಗೊತ್ತೇ ಇರ್ಲಿಲ್ಲ."

"ಅವತ್ತು ತಿರುವಲ್ಲಿ ಯಾಕೆ ತಿರುಗಿ ನೋಡಿದೆ?"

ಅವನು ಕೀಬೋರ್ಡಿನಿಂದ ಕಣ್ಣೆತ್ತಿ ಅವಳನ್ನು ನೋಡಿದ.

"ಕೇಳೋಣ ಅಂತ. ಕೇಳುವಾಗ ನಿನ್ನ ಮುಖ ಕಾಣ್ಲಿ ಅಂತ. ಬಾಯಿ ಬಿಡೋದ್ರೊಳಗೆ..." ಅವನ ದನಿ ಒಡೆಯಿತು. "ಆಮೇಲೆ ಆಸ್ಪತ್ರೇಲಿ ಕೇಳಿದೆ. ಅದನ್ನೇ ಕೇಳಿದ್ದು. ಆದ್ರೆ ಅಷ್ಟೊತ್ತಿಗೆ ಅದು ಬೇರೆ ಮಾತಾಗಿತ್ತು."

"ನಾನೇ ಬರಬೇಡ ಅಂದೆ."

"ಅದಕ್ಕೇ ಇಲ್ಲಿ ಕೂತಿದ್ದೆ. ಕೈ ಕಟ್ಕೊಂಡಾಗ ನಿನ್ನ ಪಕ್ಕದಲ್ಲೇ ಇದ್ದ ಹಾಗೆ ಅನ್ನಿಸ್ತಿತ್ತು."

ಅವಳು ಅವನ ಪಕ್ಕೆಯ ಬಳಿಯಿದ್ದ ಗಂಟಿಗೆ ಕೈ ಹಾಕಿದಳು. ಒಂದೇ ಕೈಗೆ ಅದು ಜಗ್ಗಲಿಲ್ಲ. ಅವನ ಬಲಗೈ ಬಂದು ಒಂದು ತುದಿ ಹಿಡಿಯಿತು. ಅವಳು ಇನ್ನೊಂದನ್ನು ಎಳೆದಳು. ಎರಡು ಬಲಗೈ ಸೇರಿ ಗಂಟು ಬಿಚ್ಚಿದವು.

ಬಿಡುಗಡೆಯಾದ ಕೈಯಿಂದ ಅವನು ಮೊದಲು ಮಾಡಿದ್ದು ಅವಳ ಮಡಿಲಲ್ಲಿದ್ದ ಎಡಗೈಯನ್ನು ಎತ್ತಿಕೊಂಡದ್ದು.

"ಅದಕ್ಕೆ ಏನೂ ಗೊತ್ತಾಗಲ್ಲ ಕಣೋ," ಅವಳೆಂದಳು.

"ಪರವಾಗಿಲ್ಲ. ನನಗೆ ಗೊತ್ತಾಗುತ್ತೆ."

ಅವಳು ಬಲಗೈಯಿಂದ ಅವನ ಕೆನ್ನೆ ಒರೆಸಿದಳು. "ಇನ್ನೊಂದ್ಸಲ ಕೇಳು. ಈಗ ಮುಖ ಕಾಣ್ತಿದೆಯಲ್ಲ."