‘ಹೊಳೆದಂಡೆ’ಯ ಬಿಳಿ ಅಂಚು

“ಕೈ ತಗೀರಿ ಅದರ ಮ್ಯಾಲಿಂದ! ತಗೀರಿ ಅಂದ್ನೆಲ್ಲ!”

ನೀಲಮ ಬಾಗಿಲಲ್ಲೇ ಕಿರುಚಿದಳು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದಳು.

ಸದಲಗಾದ ಸ್ನೇಹ ಬಳಗದ ಆ ಸಣ್ಣ ಕೋಣೆಯಲ್ಲಿ ಒಬ್ಬ ಅಪರಿಚಿತ ನೆಲದ ಮೇಲೆ ಕೂತಿದ್ದ. ಕೈಯಲ್ಲಿ ಉದ್ದನೆಯ ಕಟರ್. ಮುಂದೆ ಬಳಗದ ಪತ್ರಿಕೆ ‘ಹೊಳೆದಂಡೆ’ಯ ಹಳೆಯ ಸಂಚಿಕೆ. ಅದರ ಬೆನ್ನನ್ನು ಹೊಲಿಗೆ ಸಮೇತ ಆಗಲೇ ಅರ್ಧ ಕೊಯ್ದಿದ್ದ!

“ನೀವ್ಯಾರ್ರಿ?” ಅವನು ಕೇಳಿದ.

“ಅದನ್ನ ನಾ ಕೇಳಬೇಕು!”

“ನಾ ಸಮಾಧಾನ. ಭೋಜ ಊರಿನಾಂವ. ನಿಪ್ಪಾಣ್ಯಾಗ ಝೆರಾಕ್ಸ್ ಅಂಗಡಿ ಐತಿ. ಇವನ್ನೆಲ್ಲಾ ಸ್ಕ್ಯಾನ್ ಮಾಡಿ ಕಂಪ್ಯೂಟರ್‌ದಾಗ ಹಾಕಾಕ ಜಿನಮತಿ ಅಕ್ಕಾರು ಕರದಾರ. ಬೆನ್ನ ಕೊಯ್ಲಿಲ್ಲಂದ್ರ ಹಾಳಿ ಮಶೀನ್‌ದಾಗ ಹೋಗೂದಿಲ್ರಿ.”

ಹೆಸರು ಸಮಾಧಾನವಂತೆ! ನೀಲಮಳ ಮೈಯೆಲ್ಲ ಉರಿದುಹೋಯಿತು.

ಗಲಾಟೆ ಕೇಳಿ ಬಳಗದ ಅಧ್ಯಕ್ಷೆ ಜಿನಮತಿ ಓಡಿಬಂದರು. ನಿವೃತ್ತ ಶಿಕ್ಷಕಿ, ಊರಿಗೆಲ್ಲ ಅಕ್ಕ.

“ನೀಲಮ, ಬಳಗದ ಸಭಾದಾಗ ಠರಾವ ಆಗೇತಿ. ಮಹಾಪೂರದಾಗ ಅರ್ಧಾ ಕಪಾಟ ತೊಯ್ದ ಹೋತು. ಉಳದದ್ದಕ್ಕ ಬೂಷ್ಟ ಹತ್ತೇತಿ. ಕೋಣಿ ಮಾಲಕ ಖಾಲಿ ಮಾಡ್ರಿ ಅಂತಾನ. ಸ್ಕ್ಯಾನ್ ಆದ ಮ್ಯಾಲ ಹಾಳಿ ರದ್ದಿಗಿ.”

“ರದ್ದಿಗಿ? ನಮ್ಮವ್ವನ್ನ ರದ್ದಿಗಿ ಹಾಕ್ತೀರಿ ಅಕ್ಕಾ?”

ಜಿನಮತಿ ತಲೆ ತಗ್ಗಿಸಿದರು.

‘ಹೊಳೆದಂಡೆ’ ಓಣಿಗೆ ಒಂದೇ ಪ್ರತಿ ಬರುತ್ತಿತ್ತು. ಅದು ಮನೆಯಿಂದ ಮನೆಗೆ ದಾಟಿ ಕೊನೆಗೆ ಬಳಗದ ಕಪಾಟಿಗೆ ಮರಳುತ್ತಿತ್ತು. ಓದಿದವರು ತಮಗೆ ಅನಿಸಿದ್ದನ್ನು ಹಾಳೆಯ ಅಂಚಿನಲ್ಲಿ ಬರೆಯಬೇಕು, ಅದೂ ಪೆನ್ಸಿಲ್ಲಿನಲ್ಲಿ ಮಾತ್ರ. ಶಾಯಿಯಲ್ಲಿ ಬೈದರೆ ಜಗಳ ಉಳಿಯುತ್ತದೆ, ಪೆನ್ಸಿಲ್ಲಿನದಾದರೆ ಅಳಿಸಿ ರಾಜಿಯಾಗಬಹುದು ಎಂಬುದು ಬಳಗದ ಕಟ್ಟಳೆ.

ನೀಲಮಳ ತಾಯಿ ಸತ್ತೆವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಡುವಯಸ್ಸಿನಲ್ಲಿ ಜಿನಮತಿಯ ಹತ್ತಿರ ಅಕ್ಷರ ಕಲಿತಳು, ಕಲಿತದ್ದನ್ನೆಲ್ಲ ಆ ಅಂಚುಗಳಲ್ಲೇ ಬರೆದಳು. ಈಗ ಅವಳಿಲ್ಲ. ಮನೆಯಲ್ಲಿದ್ದ ಒಂದೆರಡು ಚೀಟಿಗಳನ್ನೂ ಮಹಾಪೂರದಲ್ಲಿ ದೂಧಗಂಗೆ ಹೊಳೆ ಒಯ್ದಿತ್ತು. ಅವ್ವನ ಕೈಬರಹ ಅಂತ ಈ ಭೂಮಿಯ ಮೇಲೆ ಉಳಿದದ್ದು ಈ ಕೋಣೆಯಲ್ಲಿ ಮಾತ್ರ!

“ಒಂದ ಕೆಲಸ ಮಾಡೋಣ್ರಿ,” ಸಮಾಧಾನ ಕಟರ್ ಕೆಳಗಿಟ್ಟ. “ಒಂದೊಂದ ಹಾಳಿನೂ ಕಂಪ್ಯೂಟರ್‌ದಾಗ ನೀವ ನೋಡ್ರಿ. ನೀವು ಹೂಂ ಅಂದ ಮ್ಯಾಲನ ರದ್ದಿಗಿ ಗಂಟ ಕಟ್ಟತೀನಿ. ಕಾಗದಕ್ಕ ಹೊಳಿ ಅಂಜಿಕಿ ಐತಿ. ಇದಕ್ಕ ಇಲ್ಲ. ನಿಮ್ಮವ್ವ ಎಲ್ಲೂ ಹೋಗೂದಿಲ್ಲ. ನನ್ನ ಮಾತ ನಂಬ್ರಿ.”

ಮನಸ್ಸಿಲ್ಲದ ಮನಸ್ಸಿನಿಂದ ಅವಳು ಒಪ್ಪಿದಳು.

ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವ ಕೆಲಸ ಅವಳದು. ಬೆಳಗಿನ ಪಾಳಿ ಮುಗಿಸಿ ನೇರ ಕೋಣೆಗೆ ಬರುತ್ತಿದ್ದಳು. ಸ್ಕ್ಯಾನ್ ಶುರುವಾಗುವ ಮೊದಲು, ಬೆನ್ನು ಕೊಯ್ದು ಹಾಳೆ ಬಿಡಿಸುವ ದಿನಗಳಲ್ಲಿ, ಮಾತೆಲ್ಲ ಜಗಳವೇ. ಹಾಳೆ ಮಡಚಿದರೆ ಬೈಗುಳ, ಚಹಾದ ಕಪ್ಪು ಹತ್ತಿರ ಇಟ್ಟರೆ ಬೈಗುಳ. ಅವನು ಮಾತ್ರ “ಹೌದ್ರಿ, ಸರಿಸ್ತೀನ್ರಿ” ಅನ್ನುವನು. ಅದು ಅವಳನ್ನು ಇನ್ನಷ್ಟು ಕೆರಳಿಸುತ್ತಿತ್ತು. ಜಗಳಕ್ಕೂ ಎರಡು ಕೈ ಬೇಕಲ್ಲ!

ಒಂದು ದಿನ ಅವನು ಹಾಳೆ ಹಿಡಿದುಕೊಂಡು ಬಿದ್ದು ಬಿದ್ದು ನಗತೊಡಗಿದ.

“ಏನಾತ್ರಿ?”

“ಇಲ್ಲೊಂದ ಮಳಿ ಮ್ಯಾಲ ಕವನ ಐತಿ. ಅಂಚಿನ್ಯಾಗ ಯಾರೋ ಬರದಾರ ನೋಡ್ರಿ, ‘ಮಳಿ ಬಂದರ ನಿಮಗ ಕವನ. ನಮಗ ಸೋರೂ ಮಾಳಗಿ.’ ಯಾರ್ರಿ ಈ ಜ್ವಾಳದ ರೊಟ್ಟಿಯಂಥಾ ಮಾತಿನವರು?”

“ನಮ್ಮವ್ವ.”

ಅವನ ನಗು ನಿಂತಿತು. ಹಾಳೆಯನ್ನು ಎರಡೂ ಕೈಯಿಂದ ಹಿಡಿದು ಮತ್ತೊಮ್ಮೆ ಓದಿದ. “ಇವರು ಇದ್ದಿದ್ರ ನಾ ದಿನಾ ಬೈಸ್ಕೊಳ್ಳಾಕರ ಬರ್ತಿದ್ನಿ,” ಅಂದ ಮೆಲ್ಲಗೆ.

ಅಂದಿನಿಂದ ನೀಲಮಳಿಗೆ ಏನಾಯಿತೋ! ಡೇರಿಯಲ್ಲಿ ಕ್ಯಾನು ಎಣಿಸುವಾಗ ಅವನ ನೆನಪು. ಕಂಪ್ಯೂಟರಿನ ಮುಂದೆ ಕೂತರೆ ಅವನು ಹೇಳುವ ಭೋಜದ ಕಥೆಗಳು, ಅವನ ಅಜ್ಜಿಯ ಅರೆ ಮರಾಠಿ ಬೈಗುಳಗಳು... ಕೇಳುತ್ತಾ ಕೇಳುತ್ತಾ ಅವಳು “ಹೂಂ, ಹೂಂ” ಅನ್ನುತ್ತಿದ್ದಳು. ಅವನು ಗಂಟು ಕಟ್ಟುತ್ತಿದ್ದ.

ಕೆಲಸ ಮುಗಿಯಿತು. ಕೋಣೆ ಖಾಲಿಯಾಯಿತು. ರದ್ದಿಯ ಗಾಡಿ ಬಂದು ಎಲ್ಲವನ್ನೂ ಒಯ್ದಿತು.

ಭಾನುವಾರ ಜಿನಮತಿಯ ಪಡಸಾಲೆಯಲ್ಲಿ ಉದ್ಘಾಟನೆ. ಎಲ್ಲರ ಮೊಬೈಲಿನಲ್ಲೂ ‘ಹೊಳೆದಂಡೆ’! ಚಪ್ಪಾಳೆಯೋ ಚಪ್ಪಾಳೆ.

ನೀಲಮ ಮಳೆಯ ಕವನ ಹುಡುಕಿದಳು. ಸಿಕ್ಕಿತು. ಕವನ ಇತ್ತು. ಅಂಚು... ಬಿಳಿ.

ಮುಂದಿನ ಹಾಳೆ ತೆರೆದಳು. ಬಿಳಿ. ಅದರ ಮುಂದಿನದು. ಅದೂ ಬಿಳಿ!

“ಅವ್ವ ಎಲ್ಲಿ?” ಅವಳ ದನಿಗೆ ಎಲ್ಲರೂ ತಿರುಗಿ ನೋಡಿದರು. “ಸಮಾಧಾನ, ನಮ್ಮವ್ವ ಎಲ್ರಿ?”

ಅವನು ಲ್ಯಾಪ್‌ಟಾಪಿಗೆ ಬಾಗಿದ. ಒಂದರ ಹಿಂದೆ ಒಂದು ಹಾಳೆ ಸರಿಸುತ್ತಾ ಹೋದ.

“ನೀರಿನ ಕಲಿ ಇದ್ದ ಹಾಳಿ ಕರ್‍ರಗ ಬರಾಕತ್ತಿದ್ವು... ಹಾಳಿ ಮ್ಯಾಲಿನ ಕಲಿ ತಗದು ಬಿಳಿ ಮಾಡೂ ಸೆಟ್ಟಿಂಗ್ ಹಚ್ಚಿದ್ನಿ. ಅದು ಪೆನ್ಸಿಲನ್ನೂ... ಹೊಲಸಂತ ತಿಳದ...”

“ಹೊಲಸು! ನಮ್ಮವ್ವನ ಅಕ್ಷರಾ ಹೊಲಸು!” ನೀಲಮ ಮೊಬೈಲನ್ನು ಅವನ ಮುಂದೆ ಹಿಡಿದಳು. “ಎಲ್ಲೂ ಹೋಗೂದಿಲ್ಲ ಅಂದಿದ್ರಿ. ನಂಬ್ರಿ ಅಂದಿದ್ರಿ! ಹೊಳಿ ಆದ್ರೂ ಅರ್ಧಾ ಬಿಟ್ಟಿತ್ತು. ನೀವು ಪೂರಾ ಒಯ್ದ್ರಿ. ಇನ್ನ ನಿಮ್ಮ ಮಾರಿ ತೋರಸಬ್ಯಾಡ್ರಿ ನನಗ!”

ಸಮಾಧಾನ ಲ್ಯಾಪ್‌ಟಾಪು ಮಡಚಿ, ಜಿನಮತಿಗೆ ಕೈ ಮುಗಿದು ಹೊರಟುಹೋದ.

ಅವನ ಫೋನು ಬಂತು. ಅವಳು ಕತ್ತರಿಸಿದಳು. ಮತ್ತೆ ಬಂತು. ನಂಬರನ್ನೇ ಬ್ಲಾಕ್ ಮಾಡಿದಳು. ಮನೆಯಲ್ಲಿ ಪಾತ್ರೆಗಳು ಸದ್ದು ಮಾಡಿದವು, ಡೇರಿಯಲ್ಲಿ ಹಾಲು ತಂದವರೆಲ್ಲ ಬೈಸಿಕೊಂಡರು. ಸಿಟ್ಟು ಇಳಿಯಲಿಲ್ಲ. ಇಳಿಯುವುದಾದರೂ ಹೇಗೆ? ಸಿಟ್ಟಿನ ಬೇರು ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು, ನೋಡಲು ಧೈರ್ಯವಿರಲಿಲ್ಲ.

ಅದನ್ನು ಜಿನಮತಿಯೇ ಬಾಯಿಬಿಟ್ಟು ಕೇಳಿದರು.

“ನೀಲಮ, ಪ್ರತಿ ಹಾಳಿಗೂ ಹೂಂ ಅಂದಾಕಿ ನೀನ ಅಲ್ಲೇನು?”

ಅವಳು ತುಟಿ ಕಚ್ಚಿದಳು.

“ಅಷ್ಟ ಮಂದಿ ಮುಂದ ನೀ ಅವನ ಮಾನಾ ತಗದಿ. ‘ಆಕಿನ ನೋಡಿದ್ಲು’ ಅಂತ ಒಂದ ಮಾತ ಅಂದಿದ್ರ ನಿನ್ನ ಬಾಯಿ ಮುಚ್ಚತಿತ್ತು. ಅನ್ನಲಿಲ್ಲ ಹುಡುಗ.”

ನೀಲಮ ಎದ್ದಳು. “ರದ್ದಿ ಯಾರಿಗಿ ಹಾಕೀರಿ ಅಕ್ಕಾ?”

“ಕೊಗನೊಳ್ಳಿ ಶಮಶೇರಗ. ಹೈವೇ ಬಾಜೂಕ ಗೋದಾಮ ಐತಿ. ಆದ್ರ ಕೊಲ್ಹಾಪುರ ಕಡಿ ಲಾರಿ ಹೋಗಿರತೈತಿ ಬಿಡು...”

ಪೂರ್ತಿ ಕೇಳಲು ಅವಳು ಅಲ್ಲಿರಲಿಲ್ಲ. ಸ್ಕೂಟಿ ಆಗಲೇ ನಿಪ್ಪಾಣಿಯ ರಸ್ತೆ ಹಿಡಿದಿತ್ತು.

ಗೋದಾಮಿನ ಬಾಗಿಲಲ್ಲಿ ಬಿಳಿ ಗಡ್ಡದ ಶಮಶೇರ ಚಾಚಾ ತಕ್ಕಡಿ ಒರೆಸುತ್ತಿದ್ದರು. ಅವಳು ಬಾಯಿ ತೆರೆಯುವ ಮೊದಲೇ ಕೈ ತೋರಿಸಿದರು. “ಸದಲಗಾದ ಹಾಳಿ ಏನ್ ಬೇಟಿ? ಒಳಗ ಒಬ್ಬಾಂವ ಕುಂತಾನ. ಹೋಗಂದ್ರ ಹೋಗವಲ್ಲ.”

ಪೇಪರಿನ ರಾಶಿಯ ನಡುವೆ ಸಮಾಧಾನ ಕೂತಿದ್ದ. ಮೈತುಂಬ ಧೂಳು, ಕಣ್ಣು ಕೆಂಪು. ಅವಳನ್ನು ಕಂಡು ಗಡಬಡಿಸಿ ಎದ್ದ.

“ಮಾರಿ ತೋರಸಬಾರದಂತ ಇದ್ನಿ... ನೀವ ಬಂದ್ರಿ.”

“ಎಷ್ಟ ಸಿಕ್ಕಾವ?”

“ಲಾರಿ ಮದಲನ ಹೋಗಿತ್ರಿ. ಹಿಂದ ಉಳದದ್ದರಾಗ ಹುಡುಕಾಕತ್ತೀನಿ. ಇಷ್ಟ ಸಿಕ್ಕಾವ.”

ಅವನು ಚಾಚಿದ್ದು ಒಂದು ತೆಳ್ಳನೆಯ ಕಟ್ಟು. ಮೇಲಿನ ಹಾಳೆಯಲ್ಲಿ ಕಬ್ಬಿನ ಬೆಳೆಯ ಬಗ್ಗೆ ಲೇಖನ. ಅಂಚಿನಲ್ಲಿ ಸೊಟ್ಟ ಅಕ್ಷರಗಳು. ‘ಇದನ್ನ ಬರದಾಂವ ಹೊಲಕ್ಕ ಹೋಗಿಲ್ಲ.’

ಅವ್ವ! ನೀಲಮಳ ಕಣ್ಣು ತುಂಬಿತು. ಅದರ ಬೆನ್ನಿಗೇ ಸಿಟ್ಟೂ ಉಕ್ಕಿತು.

“ಅವತ್ತ ಯಾಕ ಹೇಳ್ಲಿಲ್ಲ? ಎಲ್ಲಾರ ಮುಂದ ಬೈದ್ನಿ! ನೋಡಾಕಿ ನಾನ ಇದ್ನೆಲ್ಲ! ಯಾಕ ಸುಮ್ಮನ ನಿಂತ್ರಿ?”

“ಹೇಳಿದ್ರ ನಿಮ್ಮವ್ವನ ಅಕ್ಷರಾ ಬರತಿದ್ವೇನ್ರಿ?” ಮೊದಲ ಸಲ ಅವನ ದನಿಯೂ ಏರಿತು. “ನನಗೂ ಸಿಟ್ಟ ಬಂದಿತ್ತು! ನೋಡ್ತೀನಂತ ಕುಂತು ಏನ ನೋಡಿದ್ರಿ ನೀವು?”

“ನಿಮ್ಮನ್ನ!” ಅವಳು ಕೂಗಿಬಿಟ್ಟಳು. “ನಿಮ್ಮ ಮಾರಿ ನೋಡಾಕತ್ತಿದ್ನಿ! ಅದಕ್ಕ ಹಾಳಿ ಕಾಣ್ಲಿಲ್ಲ! ಸಾಕ?”

ಶಮಶೇರ ಚಾಚಾ ತಕ್ಕಡಿ ಬಿಟ್ಟು, ಚಹಾ ಹೇಳಿ ಬರುವೆನೆಂದು ಹೊರಗೆ ಜಾರಿದರು.

ಸಮಾಧಾನ ಅಂಗೈಯ ಧೂಳು ಒರೆಸಿಕೊಂಡ. “ನಂದೂ ಅದ ಕಥಿ,” ಅಂದ. “ಸೆಟ್ಟಿಂಗ್ ಬದಲ ಮಾಡಿದಾಂವ ಒಮ್ಮಿ ತಪಾಸ ಮಾಡಬೇಕಿತ್ತು. ನೀವು ಬಾಜೂಕ ಕುಂತಿದ್ರಿ... ತೆಲಿ ಓಡ್ಲಿಲ್ಲ.”

“ಹಂಗಂದ್ರ ಇಬ್ಬರೂ ಕೂಡೇ ಆಕಿನ್ನ ಕಳದೇವಿ.”

“ಕಳದೇವಿ,” ಅಂದ ಅವನು. ಇಲ್ಲ ಅನ್ನಲಿಲ್ಲ, ಎಲ್ಲ ಸರಿಹೋಗುತ್ತದೆ ಅಂತಲೂ ಅನ್ನಲಿಲ್ಲ.

ನೀಲಮ ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಪಕ್ಕದಲ್ಲೇ ರಾಶಿಯ ಮೇಲೆ ಕೂತಳು. ಮುಂದಿದ್ದ ಗಂಟನ್ನು ಎಳೆದುಕೊಂಡಳು. ಇಬ್ಬರೂ ಒಂದೊಂದೇ ಹಾಳೆ ತಿರುವತೊಡಗಿದರು. ಈ ಸಲ ಅವಳ ಕಣ್ಣು ಹಾಳೆಯ ಮೇಲೆಯೇ ಇತ್ತು.

“ಇನ್ನ ಸಿಟ್ಟ ಐತೇನ್ರಿ?” ಅವನು ತಲೆ ಎತ್ತದೆ ಕೇಳಿದ.

“ಐತಿ. ಭಾಳ ಐತಿ. ಮದವಿ ಆದ ಮ್ಯಾಲೂ ಇರತೈತಿ.”

ಅವನ ಕೈಯಲ್ಲಿದ್ದ ಕಟ್ಟು ಜಾರಿ ಬಿತ್ತು. “ಏನಂದ್ರಿ?”

“ಆ ಗಂಟ ಬಿಚ್ರಿ ಅಂದ್ನಿ,” ಅಂದಳು ನೀಲಮ. ಕೆನ್ನೆ ಕೆಂಪಾಗಿತ್ತು. “ನನ್ನ ಮಾರಿ ಆಮ್ಯಾಲ ನೋಡೀರಂತ. ಬಿಚ್ರಿ!”