ಮರೆಗುಳಿ ಚಿಪ್

"ಕೈ ತೆಗೀರಿ! ಮೊದಲು ಕೈ ತೆಗೀರಿ ಅಂದೆ!"

ಅವಳ ಕೂಗಿಗೆ ಅವನು ಬೆಚ್ಚಿಬಿದ್ದ. ಕಿಟಕಿಯೇ ಇಲ್ಲದ ಕೋಣೆ ಅದು. ಬೆಳಕು ಬಿದ್ದರೆ ಅಳತೆ ಕೆಡುತ್ತದೆಂದು ಹಾಡಹಗಲಲ್ಲೂ ದೀಪ ಆರಿಸಿರುತ್ತಿದ್ದರು. ಪರದೆಯ ಮಂದ ಬೆಳಕಿನಲ್ಲಿ ಅವಳಿಗೆ ಕಂಡದ್ದು ತನ್ನ ಚಿಪ್... ಪಕ್ಕದಲ್ಲೇ ಯಾವನದೋ ಕೈ!

"ನಾನು ಹೊಸ ಇಂಜಿನಿಯರ್. ಚಿಪ್‌ಗೆ ವಿದ್ಯುತ್ ಹರಿಸೋ ಸೂಜಿ ಸರಿಮಾಡ್ತಿದ್ದೆ, ಅಷ್ಟೇ..."

ಅವಳು ಆಗಲೇ ಪರದೆ ನೋಡಿದ್ದಳು. ಮಿದುಳಿನಂತೆ ಕಲಿತು ನೆನಪಿಟ್ಟುಕೊಳ್ಳುವ ಚಿಪ್ ಅದು. ಅವಳ ಪಿಎಚ್‌ಡಿಯ ಜೀವವೇ ಅದರಲ್ಲಿತ್ತು. ಕಲಿಸಿದ ಅಕ್ಷರಗಳಲ್ಲಿ ಅರ್ಧಕ್ಕರ್ಧ ಅದಕ್ಕೀಗ ಮರೆತೇ ಹೋಗಿತ್ತು!

"ಹಾಳು ಮಾಡಿಬಿಟ್ರಲ್ರೀ!"

ಅವನು ಏನೋ ಹೇಳಹೊರಟ. ಅವಳ ತುಂಬಿದ ಕಣ್ಣು ನೋಡಿ ಸುಮ್ಮನಾದ. ಗೈಡ್ ಮುಂದೆ ದೂರು ಹೋದಾಗಲೂ ತುಟಿಪಿಟಕ್ಕೆನ್ನಲಿಲ್ಲ. ಅವನನ್ನು ನೆಲಮಾಳಿಗೆಯ ಉಗ್ರಾಣಕ್ಕೆ ಅಟ್ಟಿದರು.

"ನಿನ್ನ ತಪ್ಪಲ್ಲ ಬಿಡು. ಹಳೇ ಫಲಿತಾಂಶ ಬರೆದು ಥೀಸಿಸ್ ಕೊಟ್ಬಿಡು," ಎಂದರು ಗೈಡ್ ಅವಳಿಗೆ.

ಬಿಡುಗಡೆ! ವರ್ಷಗಟ್ಟಲೆ ಆ ಕತ್ತಲಲ್ಲಿ ಉಸಿರುಗಟ್ಟಿ ಕೂತವಳಿಗೆ, "ಇನ್ನೂ ಮುಗೀಲಿಲ್ವೇನೇ?" ಎಂಬ ಅಮ್ಮನ ಒಂದೇ ರಾಗ ಕೇಳಿ ಕೇಳಿ ಬೇಸತ್ತವಳಿಗೆ, ಕೊನೆಗೂ ಬಾಗಿಲು ತೆರೆದಿತ್ತು.

ಆದರೆ ಸುಮ್ಮನಿರುವ ಜೀವವೇ ಅದು? ಇನ್ನೊಂದು ಚಿಪ್‌ಗೆ ಕಲಿಸಿದಳು. ನೆನಪಿದೆಯಾ ಎಂದು ನೋಡಿದಳು. ಇತ್ತು. ಬೀಗ ಹಾಕಿದ ಮೇಲೂ ಎಳೆದೆಳೆದು ನೋಡುವವರಂತೆ ಮತ್ತೆ ನೋಡಿದಳು, ಮತ್ತೆ, ಮತ್ತೆ... ನೋಡಿದಷ್ಟೂ ಅದು ಮರೆಯುತ್ತಾ ಹೋಯಿತು. ಪರೀಕ್ಷಿಸಲು ಅವಳು ಹರಿಸಿದ ವಿದ್ಯುತ್ತೇ ನೆನಪನ್ನು ಚೂರುಚೂರೇ ಅಳಿಸುತ್ತಿತ್ತು!

'ಅಯ್ಯೋ... ಅಳಿಸಿದ್ದು ನಾನೇ!'

ಬಾಯಿ ಮುಚ್ಚಿಕೊಂಡಿದ್ದರೆ ಬಿಡುಗಡೆ. ಹೇಳಿದರೆ ಹಳೇ ಫಲಿತಾಂಶವೆಲ್ಲ ವ್ಯರ್ಥ, ಮತ್ತದೇ ಕತ್ತಲು. ಯಾರಿಗೆ ಗೊತ್ತಾಗುತ್ತದೆ? ಹಾಗೆಂದುಕೊಂಡರೂ ಅವನ ತಗ್ಗಿದ ಮುಖ ಕಣ್ಣಿಂದ ಮರೆಯಾಗಲೊಲ್ಲದು. ಎದ್ದು ಹೋಗಿ ಗೈಡ್‌ಗೆ ಎಲ್ಲವನ್ನೂ ಹೇಳಿಬಿಟ್ಟಳು.

"ಹಾಗಾದ್ರೆ ಎಲ್ಲಾ ಮೊದಲಿಂದ," ಎಂದರು ಅವರು, ತಲೆಯೆತ್ತದೆ.

ಉಗ್ರಾಣದಲ್ಲಿ ಅವನು ಗೋಜಲಾದ ವೈರು ಬಿಡಿಸುತ್ತಿದ್ದ.

"ನಿಮಗೆ ಗೊತ್ತಿತ್ತಾ, ಅಳಿಸಿದ್ದು ನಾನೇ ಅಂತ?"

"ಎಷ್ಟು ಸಲ ಪರೀಕ್ಷೆ ಮಾಡಿದೀರಿ ಅಂತ ಪರದೆ ಮೇಲೇ ಇತ್ತಲ್ಲ."

"ಮತ್ತೆ ಯಾಕ್ರೀ ಹೇಳ್ಲಿಲ್ಲ?!"

"ಹೇಳಿದ್ರೆ ನಿಮ್ಮನ್ನ ಮತ್ತೆ ಅಲ್ಲೇ ಕೂಡಿಹಾಕ್ತಿದ್ರು." ಅವನು ವೈರು ಕೆಳಗಿಟ್ಟ. "ಪಕ್ಕದ ರೂಮಲ್ಲಿ ತಿಂಗಳಿಂದ ಇದೀನಿ. ಸಂಜೆ ನೀವು ಹೊರಗೆ ಬರುವಾಗ ಆ ಮುಖ ನೋಡೋಕಾಗ್ತಿರಲಿಲ್ಲ ನನಗೆ... ನೀವೋ, ಒಂದ್ಸಲಾನೂ ನನ್ನ ಕಡೆ ತಿರುಗಿ ನೋಡ್ಲಿಲ್ಲ."

ಅವಳು ಅವನೆದುರು ಕುಕ್ಕರಿಸಿ ಕೂತಳು. "ಇನ್ನೊಬ್ಬರ ತಲೆಗೆ ಕಟ್ಟಿ ಹೊರಗೆ ಹೋಗಿ ನಾನೇನು ಮಾಡ್ಲಿ? ಗೈಡ್‌ಗೆ ಹೇಳಿಬಂದೆ. ಇನ್ನೊಂದು ವರ್ಷ ಅದೇ ಕತ್ತಲು!"

"ಒಬ್ಬರೇ ಅಲ್ಲ. ನಾನೂ ಇರ್ತೀನಿ."

"ಥೀಸಿಸ್ ಮುಗಿಯೋವರೆಗಾ?"

"ಮುಗಿದ ಮೇಲೂ... ನೀವು ಇರು ಅಂದ್ರೆ."

ಅವಳು ಅಳುತ್ತಲೇ ನಕ್ಕಳು.

"ಇರು," ಎಂದಳು.