ಕಿಟಕಿಗೆ ಬೆನ್ನು ಕೊಟ್ಟ ಮಿಷಿನ್

ಆ ಮನುಷ್ಯ ಒಂದು ಸಲವೂ ತನ್ನ ಮುಖ ನೋಡಲಿಲ್ಲವಲ್ಲ ಎಂಬುದೇ ಟೈಲರಮ್ಮನಿಗೆ ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚಿದ್ದು. ನಿಯಮಕ್ಕೆ ಕಣ್ಣು ಮೂಗು ಇರುವುದಿಲ್ಲ, ಒಪ್ಪೋಣ. ಸರ್ಕಾರಿ ನೆರವಿನ ಕಚೇರಿಯ ಮೂರನೇ ಕೌಂಟರಿನಲ್ಲಿ ಕೂತಿದ್ದ ತಪಾಸಣೆ ಸಾಹೇಬರಿಗೆ ಎರಡೂ ಇದ್ದವು. ಆದರೂ ಅವರು ಅವಳ ಅರ್ಜಿಯನ್ನು ಮೂಗಿಗೆ ತಾಗುವಷ್ಟು ಎತ್ತಿ ಹಿಡಿದು, ಅದರ ಮರೆಯಿಂದಲೇ ತೀರ್ಪು ಕೊಟ್ಟುಬಿಟ್ಟರು.

"ಪೂರ್ಣಾವಧಿ ವಿದ್ಯಾರ್ಥಿ ಆದ್ರೆ ಮನೆಯ ನೆರವು ನಿಲ್ಲುತ್ತಮ್ಮ. ಯಜಮಾನಿ ದುಡಿಯೋಕೆ ಸಿಗೋ ಹಾಗಿರಬೇಕು. ಕ್ಲಾಸಲ್ಲಿ ಕೂತಿರೋರು ಹೇಗೆ ಸಿಗ್ತಾರೆ?"

ಅರ್ಧ ದಿನದ ಓದಾದರೆ ಅಡ್ಡಿಯಿಲ್ಲವಂತೆ. ಕಣ್ಣು ಪರೀಕ್ಷೆ ಮಾಡುವುದನ್ನು ಕಲಿಸುವ ಕಾಲೇಜಿನಲ್ಲಿ ಅರ್ಧ ದಿನದ ತರಗತಿಯೇ ಇಲ್ಲವೆಂದು ಅವಳು ಹೇಳಿದಳು.

"ಹಾಗಾದ್ರೆ ಹೊಲೀತಾ ಇರಿ," ಎಂದು ಸಾಹೇಬರು ಅರ್ಜಿಯನ್ನು ಹಿಂದಕ್ಕೆ ತಳ್ಳಿದರು.

ಹೊಲಿಯಲು ಏನು ಉಳಿದಿತ್ತು? ಜನ ಸಿದ್ಧ ಉಡುಪು ಕೊಳ್ಳುತ್ತಿದ್ದರು. ಅವಳ ಪಾಲಿಗೆ ಬರುತ್ತಿದ್ದುದು ಕಿತ್ತುಹೋದ ಜಿಪ್ಪು, ಉದ್ದವಾದ ಪ್ಯಾಂಟು. ಗಂಡ ತೀರಿಕೊಂಡ ಮೇಲೆ ಮನೆಯನ್ನು ನಿಲ್ಲಿಸಿದ್ದು ಆ ನೆರವು. ಬಾಡಿಗೆಯ ಅರ್ಧ, ಎರಡು ಮಕ್ಕಳ ಶಾಲೆ, ಅತ್ತೆಯ ಬಿ.ಪಿ. ಮಾತ್ರೆ ಎಲ್ಲವೂ ಅದರಿಂದಲೇ. ಓದಿದರೆ ಎರಡು ವರ್ಷದಲ್ಲಿ ನೆರವೇ ಬೇಕಾಗದಂಥ ಕೆಲಸ ಸಿಗುತ್ತಿತ್ತು. ಆದರೆ ಆ ಎರಡು ವರ್ಷ ದಾಟುವುದರೊಳಗೆ ಮನೆಮಂದಿ ಬೀದಿಗೆ ಬೀಳುತ್ತಿದ್ದರು. ಮೇಲೇರಲು ಏಣಿ ತೋರಿಸಿ, ಕಾಲಿಟ್ಟ ಕೂಡಲೇ ನೆಲ ಎಳೆದುಕೊಳ್ಳುವ ಈ ನಿಯಮವನ್ನು ಬರೆದವರು ಯಾರೋ, ಅವರು ಹಸಿದು ಓದಿದವರಂತೂ ಅಲ್ಲ ಎಂದುಕೊಂಡಳು. ಬಸ್ಸು ಮನೆ ಮುಟ್ಟುವಷ್ಟರಲ್ಲಿ ಅವಳು ತೀರ್ಮಾನಿಸಿಯಾಗಿತ್ತು. ಓದುವುದು. ನೆರವನ್ನೂ ಬಿಡದಿರುವುದು.

ಬಟ್ಟೆ ಕತ್ತರಿಸುವ ಮುಂಚೆ ಎರಡು ಸಲ ಅಳೆಯುವ ಕೈ ಅವಳದು. ಈ ಕೆಲಸವನ್ನೂ ಹಾಗೆಯೇ ಅಳೆದಳು. ಕಾಲೇಜು ಕಚೇರಿಗೆ ಕಾಗದ ಬರೆಯುವುದಿಲ್ಲ, ಕಚೇರಿ ಕಾಲೇಜನ್ನು ಕೇಳುವುದಿಲ್ಲ. ಆದ್ದರಿಂದ ಸ್ವಂತ ಹೆಸರಿನಲ್ಲೇ ಸೇರಿದಳು, ಬೇರೆಯವರ ಹೆಸರು ಹೊತ್ತು ಓದಿದರೆ ಓದಿದ್ದೂ ಬೇರೆಯವರಿಗೇ ಸೇರುತ್ತದೆ. ಉಳಿದದ್ದು ಒಂದೇ ಸಡಿಲ ಹೊಲಿಗೆ. ಸಾಹೇಬರು ಆರೇಳು ವಾರಕ್ಕೊಮ್ಮೆ, ಹೇಳದೆ ಕೇಳದೆ, ಮಧ್ಯಾಹ್ನ ಮೂರರ ಮೇಲೆ ಮನೆಗೆ ಬರುತ್ತಿದ್ದರು. ಆಗ ಯಜಮಾನಿ ಮನೆಯಲ್ಲಿ ದುಡಿಯುತ್ತಿರಬೇಕು. ಅವಳ ತರಗತಿ ಮುಗಿಯುತ್ತಿದ್ದುದು ಐದೂವರೆಗೆ.

ಆ ಹೊಲಿಗೆಯನ್ನು ಬಿಗಿಮಾಡಿದವರು ಅತ್ತೆ. ಸೊಸೆಗೆ ಮಿಷಿನ್ ತುಳಿಯಲು ಕಲಿಸಿದವರೂ ಅವರೇ.

"ನಾನೂ ಒಂದು ಕಾಲಕ್ಕೆ ಸೊಸೆ ಆಗಿದ್ದೋಳೇ ಕಣೆ," ಎಂದರು. "ಇನ್ನೊಂದು ಸಲ ಆಗ್ತೀನಿ ಬಿಡು. ಈ ಸಲ ಅತ್ತೆ ಕಾಟ ಆದ್ರೂ ಇಲ್ಲ."

ಮೊದಲ ತಿಂಗಳ ಪಾಠದಲ್ಲೇ ಅವಳಿಗೆ ಬೇಕಾದದ್ದು ಸಿಕ್ಕಿತು. ಬೆಳಕನ್ನು ಬೆನ್ನಿಗಿಟ್ಟುಕೊಂಡವರ ಮುಖ ನೋಡುವವರ ಕಣ್ಣಿಗೆ ಕಪ್ಪಾಗುತ್ತದೆ. ಗೋಡೆಗೆ ಒರಗಿದ್ದ ಮಿಷಿನ್ನನ್ನು ಎಳೆದು ಪಡುವಣ ಕಿಟಕಿಗೆ ಬೆನ್ನಾಗಿ ನಿಲ್ಲಿಸಿದಳು. ಮಧ್ಯಾಹ್ನದ ಬಿಸಿಲು ನೇರ ಬಾಗಿಲಲ್ಲಿ ನಿಂತವರ ಕಣ್ಣಿಗೆ ಬೀಳುತ್ತಿತ್ತು. ಅತ್ತೆಯ ತಲೆಗೆ ತನ್ನ ಹಸಿರು ವಸ್ತ್ರ ಸುತ್ತಿದಳು, ತನ್ನ ರುಜುವನ್ನು ನಲವತ್ತು ಸಲ ತಿದ್ದಿಸಿದಳು, ಮಾತಿನ ನಡುವೆ ಕೆಮ್ಮುವುದನ್ನು ಕಲಿಸಿದಳು. ಏಳಬಾರದು, ತುಳಿಯುವುದನ್ನು ನಿಲ್ಲಿಸಬಾರದು. ಸದ್ದೇ ಸಾಕ್ಷಿ.

ಬೆಳಿಗ್ಗೆ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಹೊರಡುತ್ತಿದ್ದಳು, ಯಾರದೋ ಮನೆಗೆ ಅಳತೆಗೆ ಹೊರಟವಳಂತೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಟೇಪು ಚೀಲಕ್ಕೆ ಇಳಿಯುತ್ತಿತ್ತು, ಕಾಲೇಜಿನ ಗುರುತಿನ ಚೀಟಿ ಕೊರಳಿಗೆ ಏರುತ್ತಿತ್ತು. ಸಂಜೆ ಅದೇ ಸೀಟಿನಲ್ಲಿ ಅದಲುಬದಲು. ಹೊರಡುವ ಮುಂಚೆ ಒಂದು ಗಳಿಗೆ ಕಣ್ಣು ಮುಚ್ಚಿ ನಿಲ್ಲುವಳು. ದೇವರ ಹತ್ತಿರ ಅವಳು ಸುಳ್ಳು ಹೇಳಿದವಳಲ್ಲ. ನಿನಗೆ ಕಾಣದ್ದು ಯಾವುದೂ ಇಲ್ಲ, ನೀನು ಧಾರಾಳವಾಗಿ ನೋಡು. ಆ ಸಾಹೇಬರಿಗೆ ಕಾಣದಿದ್ದರೆ ಸಾಕು ಎಂದು ಬೇಡುತ್ತಿದ್ದಳು. ಕ್ಷಮಿಸು ಎಂದು ಒಮ್ಮೆಯೂ ಕೇಳಲಿಲ್ಲ. ತಪ್ಪು ಮಾಡಿದ್ದರೆ ತಾನೆ?

ಸಾಹೇಬರು ಬಂದರು, ಹೋದರು. ಒಂದೂವರೆ ವರ್ಷದಲ್ಲಿ ಹತ್ತಾರು ಸಲ. ಪ್ರತಿ ಸಲವೂ ಕೆಲಸ ಹೇಗಿದೆ ಎಂದು ಕೇಳಿ, ರುಜು ಪಡೆದು, ಆ ಕಾಗದವನ್ನು ಮೂಸಿ ನೋಡಿ ಹೋಗುತ್ತಿದ್ದರೆಂದು ಅತ್ತೆಯ ವರದಿ. ಒಂದು ಸಂಜೆ ಅತ್ತೆ ನಗು ತಡೆಯಲಾರದೆ ಹೇಳಿದರು:

"ಇವತ್ತು ಹೋಗ್ತಾ ಬಾಗಿಲ ಹತ್ರ ಇರೋ ನಿನ್ನ ಅಂಗಿ ಗೊಂಬೆಗೆ 'ಬರ್ತೀನಮ್ಮ' ಅಂದ್ರು ಕಣೆ. ಅದು ಮಾತಾಡ್ಲಿಲ್ಲ ಅಂತ ಬೇಜಾರೂ ಮಾಡ್ಕೊಂಡ್ರು."

ಟೈಲರಮ್ಮ ನಗಲಿಲ್ಲ. ಬೆಳಕಿನ ಲೆಕ್ಕ ಇಷ್ಟು ಕರಾರುವಾಕ್ಕಾಗಿ ಕೂತಿತಲ್ಲ ಎಂದು ಒಳಗೇ ಹಿಗ್ಗಿದಳು. ಆ ವಾರ ಕಿಟಕಿಯ ಗಾಜನ್ನು ಇನ್ನಷ್ಟು ಉಜ್ಜಿ ಹೊಳೆಯಿಸಿದಳು.

ಕೊನೆಯ ಪರೀಕ್ಷೆ ಬಂತು. ಹೊರಗಿನಿಂದ ಬಂದವರೊಬ್ಬರ ಕಣ್ಣು ನೋಡಿ, ಸರಿಯಾದ ಗಾಜು ಕೂರಿಸಿ ತೋರಿಸಬೇಕು. ಬಂದವರಿಗೆ ಕನ್ನಡಕ ಉಚಿತ, ಅಂದೇ ಕೈಗೆ. ಬಿಳಿ ಕೋಟು, ಕೂದಲು ಮುಚ್ಚುವ ಟೋಪಿ, ಮುಖಕ್ಕೆ ಮಾಸ್ಕು ತೊಟ್ಟು ಅವಳು ಕತ್ತಲೆ ಕೋಣೆಗೆ ಕಾಲಿಟ್ಟಾಗ ಕುರ್ಚಿಯಲ್ಲಿ ಕೂತಿದ್ದವರು ತಪಾಸಣೆ ಸಾಹೇಬರು. ಮಡಿಲಲ್ಲಿ ಅದೇ ಕಚೇರಿಯ ಚೀಲ. ಹಿಂದುಗಡೆ ಪರೀಕ್ಷಕಿ ಪೆನ್ನು ಹಿಡಿದು ನಿಂತಿದ್ದರು.

ಟೈಲರಮ್ಮ ಒಂದೇ ಉಸಿರಿನಲ್ಲಿ ಲೆಕ್ಕ ಹಾಕಿದಳು. ಮುಖ ಮುಚ್ಚಿದೆ, ಕೂದಲು ಮುಚ್ಚಿದೆ, ತನ್ನ ದನಿಯನ್ನು ಇವರು ಕೇಳಿದ್ದು ಒಂದೇ ಸಲ. ದನಿ ತಗ್ಗಿಸಿ, ಅವರ ಹಳೆಯ ಕನ್ನಡಕ ತೆಗೆದು, ದೀಪದ ಕಡ್ಡಿ ಹಿಡಿದು ಕಣ್ಣೊಳಗೆ ಬಗ್ಗಿ ನೋಡಿದಳು. ಆಗ ಅವಳಿಗೆ ಎಲ್ಲ ತಿಳಿಯಿತು. ಆ ಹಳೆಯ ಕನ್ನಡಕವಿದ್ದರೂ ಆ ಕಣ್ಣಿಗೆ ಎರಡು ಗೇಣಿನಾಚೆ ಜಗತ್ತೆಲ್ಲ ಬರೀ ಮಂಜು. ಅತ್ತೆಯನ್ನು ಸೊಸೆ ಮಾಡಿದ್ದು ಕಿಟಕಿಯ ಬಿಸಿಲಲ್ಲ, ಈ ಮಂಜು. ಅಂದು ಅರ್ಜಿಯನ್ನು ಮೂಗಿಗೆ ಹಿಡಿದದ್ದೂ ಸೊಕ್ಕಿನಿಂದಲ್ಲ.

ಸಾಹೇಬರು ಮಾತಿನ ಮನುಷ್ಯ. ಕಣ್ಣು ಕಾಣುವುದಿಲ್ಲವೆಂದು ಗೊತ್ತಾದರೆ ತಿರುಗಾಟದ ಕೆಲಸ ಕಿತ್ತುಕೊಳ್ಳುತ್ತಾರೆಂದು ಇಷ್ಟು ದಿನ ಬಾಯಿಬಿಟ್ಟಿರಲಿಲ್ಲವಂತೆ. ಮೂರು ಗಂಟೆಗೆ ಮತ್ತೆ ಒಂದು ಮನೆಗೆ ಹೋಗಬೇಕಂತೆ.

"ಒಬ್ಬ ಟೈಲರಮ್ಮ. ಪಾಪ, ಸದಾ ಕೆಮ್ಮು. ಕೂತಲ್ಲಿಂದ ಏಳಲ್ಲ, ಅಷ್ಟು ದುಡೀತಾಳೆ. ಅವಳ ಜೊತೆ ಇನ್ನೊಬ್ಬಳು ಬಾಗಿಲಲ್ಲೇ ನಿಂತಿರ್ತಾಳೆ, ಮಾತೇ ಆಡಲ್ಲ."

ಗಾಜಿನ ಪೆಟ್ಟಿಗೆ ಅವಳ ಮುಂದಿತ್ತು. ಎರಡು ಮನೆ ಹಿಂದಿನ, ಕಡಿಮೆ ಪವರಿನ ಗಾಜು ಹಾಕಿದರೆ ಸಾಹೇಬರು ಹಳೆಯ ಮಂಜಿನಲ್ಲೇ ಹೊರಟುಹೋಗುತ್ತಾರೆ. ಅಂಕ ನಾಲ್ಕಾರು ಕಡಿಮೆಯಾದೀತು, ಪಾಸಾಗಲು ತೊಂದರೆಯಿಲ್ಲ. ಬೆರಳು ಆ ಗಾಜಿನ ಮೇಲೆ ಹೋಗಿ ನಿಂತಿತು. ಆಮೇಲೆ ಅವಳಿಗೆ ಅಸಹ್ಯವಾಯಿತು. ಓದುವುದಕ್ಕಾಗಿ ಕದ್ದದ್ದು ನಿಜ. ಓದಿದ್ದನ್ನೇ ಕೆಡಿಸಿ ಕಳ್ಳತನ ಕಾಪಾಡಿಕೊಂಡರೆ ಈ ಎರಡು ವರ್ಷಕ್ಕೆ ಬೆಲೆಯೇನು? ನೋಡಲಿ ಮಹಾರಾಯ, ಚೆನ್ನಾಗಿಯೇ ನೋಡಲಿ. ಮೂರು ಗಂಟೆಯೊಳಗೆ ಅತ್ತೆಗೆ ಫೋನು ಮಾಡಿ ಬಾಗಿಲಿಗೆ ಬೀಗ ಹಾಕಿಸಿದರಾಯಿತು. ಮುಂದಿನ ಸಲಕ್ಕೆ ಕೋರ್ಸೇ ಮುಗಿದಿರುತ್ತದೆ, ಮಿಷಿನ್ ಮುಂದೆ ತಾನೇ ಕೂತಿರುತ್ತೇನೆ. ಸರಿಯಾದ ಗಾಜನ್ನೇ ಎತ್ತಿಕೊಂಡಳು.

"ಇದು ಸ್ಪಷ್ಟಾನಾ, ಮೊದಲಿಂದು ಸ್ಪಷ್ಟಾನಾ?" ಒಂದೊಂದು ಗಾಜಿಗೂ ಕೇಳುತ್ತಾ ಹೋದಳು. ಸಾಹೇಬರು ಗೋಡೆಯ ಹಲಗೆಯ ಅಕ್ಷರಗಳನ್ನು ಸಾಲು ಸಾಲಾಗಿ ಇಳಿಯುತ್ತಾ ಹೋದರು. ಕಡೆಯ ಸಾಲನ್ನು ಎರಡೆರಡು ಸಲ ಓದಿದರು. ಪರೀಕ್ಷಕಿಯ ಪೆನ್ನು ಆಡಿದ ರೀತಿಯಲ್ಲೇ ಪೂರ್ತಿ ಅಂಕವೆಂದು ಟೈಲರಮ್ಮನಿಗೆ ತಿಳಿಯಿತು. ಉಳಿದದ್ದು ಹತ್ತಿರದ ಓದಿಗೆ ಇನ್ನೊಂದು ಗಾಜು ಮಾತ್ರ.

ಓದುವ ದೀಪ ಹಾಕಿ, ಆ ಗಾಜನ್ನು ಕೂರಿಸಿ, ಚೌಕಟ್ಟು ಕಿವಿಯ ಮೇಲೆ ಸರಿಮಾಡಲು ಅವಳು ಮುಂದಕ್ಕೆ ಬಾಗಿದಳು. ಇಪ್ಪತ್ತು ವರ್ಷ ಕೊರಳಲ್ಲಿ ಟೇಪು ತೂಗಾಡಿಸಿಕೊಂಡವಳಿಗೆ ಅಲ್ಲಿ ಏನು ತೂಗಿದರೂ ಮೈಗೆ ತಿಳಿಯುವುದಿಲ್ಲ. ಮುಖ ಮುಚ್ಚಿದ್ದಳು, ಕೂದಲು ಮುಚ್ಚಿದ್ದಳು. ಕೊರಳಿನಿಂದ ಇಳಿಬಿದ್ದ ಚೀಟಿ ಸಾಹೇಬರ ಕಣ್ಣಿಂದ ಒಂದು ಗೇಣು ದೂರದಲ್ಲಿ ನಿಂತಿತು. ಸಾಹೇಬರು ಹೊಸದಾಗಿ ಓದು ಬಂದ ಮಗುವಿನ ಖುಷಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ಮೊದಲ ಸಾಲು ಅವಳ ಹೆಸರು, ಅವರ ಚೀಲದ ಫೈಲಿನ ಮೇಲಿದ್ದದ್ದೂ ಅದೇ. ಎರಡನೆಯ ಸಾಲಿಗೆ ದನಿ ನಿಧಾನವಾಯಿತು: "ಪೂರ್ಣಾವಧಿ... ವಿದ್ಯಾರ್ಥಿನಿ." ಅವರು ತಲೆಯೆತ್ತಿ, ಮೊದಲ ಬಾರಿಗೆ, ಅವಳ ಮುಖವನ್ನು ನೋಡಿದರು. ಟೈಲರಮ್ಮ ಹಿಂದೆ ಸರಿಯಲಿಲ್ಲ. ಚೌಕಟ್ಟಿನಿಂದ ಕೈ ತೆಗೆದು, ಮಾಸ್ಕನ್ನು ಕೆಳಗಿಳಿಸಿ, ತನ್ನದೇ ದನಿಯಲ್ಲಿ ಕೇಳಿದಳು: "ಇದು ಸ್ಪಷ್ಟಾನಾ ಸರ್, ಮೊದಲಿಂದು ಸ್ಪಷ್ಟಾನಾ?"